ಮಗುವಿನ ಅಳತೆಯ ಗಾಲಿಕುರ್ಚಿ

ಕೆಲವು ವರ್ಷಗಳ ಹಿಂದಿನ ಮಾತು. ಪುಣೆಯಲ್ಲಿರುವ ನಮ್ಮಕ್ಕನ ಮನೆಗೆ ದೀಪಾವಳಿಗೆ ಹೋಗಿದ್ದೆ. ಅಕ್ಕನ ಮಗಳಿಗೆ ಆಗ ಎಂಟು ವರ್ಷ. ಹುಟ್ಟಿದಾಗಿನಿಂದ ಅವಳಿಗೆ ಸೆರೆಬ್ರಲ್ ಪಾಲ್ಸಿ. ಕೈಗಳು ಚೆನ್ನಾಗಿಯೇ ಆಡುತ್ತವೆ, ಮಾತು ಪಟಪಟ, ಆದರೆ ಕಾಲುಗಳು ಬಿಗಿ, ಸೊಂಟ ನೆಟ್ಟಗೆ ನಿಲ್ಲುವುದಿಲ್ಲ. ಹಿಂದಿನ ವಾರವಷ್ಟೇ ಮಂಗಲ ಕಾರ್ಯಾಲಯವೊಂದರಲ್ಲಿ ನಡೆದ ಶಿಬಿರದಲ್ಲಿ ಅವಳಿಗೆ ಗಾಲಿಕುರ್ಚಿ ಕೊಟ್ಟಿದ್ದರು. ಹಾರ, ಭಾಷಣ, ಫೋಟೊ ಎಲ್ಲ ಆಗಿತ್ತು. ಕುರ್ಚಿ ಹೊಸದು, ಗಟ್ಟಿಯಾಗಿತ್ತು. ಕೂರುವ ಜಾಗದ ಅಗಲ 18 ಇಂಚು. ಹುಡುಗಿಯ ಸೊಂಟದ ಅಗಲ 10 ಇಂಚು.

ಅಕ್ಕ ಎರಡೂ ಪಕ್ಕಕ್ಕೆ ದಿಂಬು ತುರುಕಿ, ಹಳೆಯ ದುಪಟ್ಟಾದಿಂದ ಎದೆಗೆ ಒಂದು ಕಟ್ಟು ಕಟ್ಟಿ ಅವಳನ್ನು ಕೂರಿಸಿದ್ದಳು. ಐದು ನಿಮಿಷಕ್ಕೆ ಹುಡುಗಿ ಒಂದು ಕಡೆ ವಾಲಿ, ಹತ್ತು ನಿಮಿಷಕ್ಕೆ ಕೆಳಗೆ ಜಾರಿದಳು.

"ಮಾಮಾ, ಇದರಾಗ ಕುಂತ್ರ ನನಗ ಗಾಲಿ ಸಿಗಂಗಿಲ್ಲ. ಕಾಲಿಗೆ ಹಲಗಿನೂ ಸಿಗಂಗಿಲ್ಲ," ಅಂದಳು.

ಅಕ್ಕ ಒಳಗಿಂದಲೇ, "ಈಗ ದೊಡ್ಡದಾಗೇದ, ಖರೆ. ಬೆಳಿಯೋ ಹುಡುಗಿ, ಮುಂದ ಸರಿ ಹೋಗ್ತದ ಬಿಡು," ಎಂದಳು.

ಅಕ್ಕನ ಮಾತಿನಲ್ಲಿ ತಪ್ಪು ಹುಡುಕುವಂಥದ್ದು ಏನಿಲ್ಲ. ನಮ್ಮ ಮನೆಗಳಲ್ಲಿ ಶಾಲೆಯ ಯೂನಿಫಾರ್ಮನ್ನು ನಾಲ್ಕು ಬೆರಳು ದೊಡ್ಡದಾಗಿ ಹೊಲಿಸಿ, ಅಂಚು ಮಡಿಸಿ, ವರ್ಷ ವರ್ಷ ಬಿಚ್ಚುತ್ತಾ ಹೋಗುವುದೇ ರೂಢಿ. ಆದರೆ ಆ ರಾತ್ರಿ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತಿತು. ಚಪ್ಪಲಿ ಕೊಳ್ಳುವಾಗ ಮಗುವಿನ ಕಾಲನ್ನು ಅಂಗಡಿಯವನು ಅಳೆಯುತ್ತಾನೆ. ಕನ್ನಡಕಕ್ಕೆ ಕಣ್ಣು ಪರೀಕ್ಷೆ ಮಾಡುತ್ತಾರೆ. ದಿನಕ್ಕೆ ಎಂಟು-ಹತ್ತು ಗಂಟೆ ಮೈಯ ಅಂಗದಂತೆ ಇರಬೇಕಾದ ಕುರ್ಚಿಯನ್ನು ಮಾತ್ರ ಅಳತೆಯಿಲ್ಲದೆ ಕೊಡುವ ಪದ್ಧತಿ ಎಲ್ಲಿಂದ ಬಂತು? ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ನಾಲ್ಕು ಶತಮಾನದ ಕಥೆ. ಅದರಲ್ಲಿ ಬೆಂಗಳೂರಿಗೂ ಮುಂಬೈಗೂ ಚೆನ್ನೈಗೂ ಪಾಲಿದೆ.

ರಾಜನದೊಂದು, ಗಡಿಯಾರದವನದೊಂದು

ಗಾಲಿಕುರ್ಚಿಯ ಚರಿತ್ರೆಯಲ್ಲಿ ಮೊದಲು ಸಿಗುವ ಕುರ್ಚಿಗಳೆಲ್ಲ ಒಬ್ಬೊಬ್ಬರಿಗಾಗಿ ಮಾಡಿದವು. 1595ರ ಸುಮಾರಿಗೆ ಸ್ಪೇನಿನ ರಾಜ ಎರಡನೇ ಫಿಲಿಪ್ ಸಂಧಿವಾತದಿಂದ ನಡೆಯಲಾರದವನಾದಾಗ ಅವನಿಗೊಂದು ಕುರ್ಚಿ ತಯಾರಾಯಿತು. ಬೆನ್ನು ಹಿಂದಕ್ಕೆ ಬಾಗುತ್ತಿತ್ತು, ಕಾಲಿನ ಆಸರೆ ಮೇಲೆ ಕೆಳಗೆ ಆಗುತ್ತಿತ್ತು, ಕಾಲುಗಳಿಗೆ ಪುಟ್ಟ ಗಾಲಿ. ನೋವಿರುವ ಒಂದು ದೇಹವನ್ನು ನೋಡಿ ಮಾಡಿದ ಕುರ್ಚಿ ಅದು. ತಳ್ಳಲು ಸೇವಕರಿದ್ದುದರಿಂದ ರಾಜ ತಾನೇ ಗಾಲಿ ತಿರುಗಿಸುವ ಪ್ರಶ್ನೆ ಬರಲಿಲ್ಲ.

ಆ ಪ್ರಶ್ನೆ ಬಂದದ್ದು ಜರ್ಮನಿಯ ನ್ಯೂರೆಂಬರ್ಗ್ ಹತ್ತಿರದ ಗಡಿಯಾರ ಕೆಲಸಗಾರ ಸ್ಟೀಫನ್ ಫಾರ್ಫ್ಲರ್‌ಗೆ. ಕಾಲು ಸ್ವಾಧೀನವಿಲ್ಲದ ಈತ 1655ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, ಮೂರು ಗಾಲಿಯ ಬಂಡಿಯೊಂದನ್ನು ತಾನೇ ಕಟ್ಟಿಕೊಂಡ. ಎರಡು ಕೈಯಿಂದ ಹಿಡಿಕೆ ತಿರುಗಿಸಿದರೆ ಹಲ್ಲುಚಕ್ರಗಳ ಮೂಲಕ ಮುಂದಿನ ಗಾಲಿ ತಿರುಗುತ್ತಿತ್ತು. ನಮ್ಮ ಊರುಗಳ ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್ ಎದುರು ಇಂದಿಗೂ ಕಾಣುವ ಕೈಯಿಂದ ತಿರುಗಿಸುವ ಟ್ರೈಸಿಕಲ್‌ನ ತತ್ವವೂ ಇದೇ. ಫಾರ್ಫ್ಲರ್ ತನ್ನ ತೋಳಿನ ಉದ್ದ, ತನ್ನ ಬೀದಿ, ತನ್ನ ಬಲ ನೋಡಿಕೊಂಡು ಅದನ್ನು ಮಾಡಿದ್ದ. ಬಳಸುವವನೇ ಮಾಡುವವನೂ ಆಗಿದ್ದುದರಿಂದ ಅಳತೆ ತಪ್ಪುವಂತಿರಲಿಲ್ಲ.

ಹದಿನೆಂಟನೇ ಶತಮಾನದಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ 'ಬಾತ್ ಚೇರ್' ಬಂತು. ಬಿಸಿನೀರಿನ ಬುಗ್ಗೆಗೆ ಬರುವ ಸಿರಿವಂತ ರೋಗಿಗಳನ್ನು ಬಾಡಿಗೆಗೆ ಎಳೆದೊಯ್ಯುವ ಬಂಡಿ ಅದು. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು. ಯಾರು ಬೇಕಾದರೂ ಕೂರಬಹುದಾದ, ಹಾಗಾಗಿ ಯಾರ ಅಳತೆಯೂ ಅಲ್ಲದ ಕುರ್ಚಿ ಇಲ್ಲಿಂದ ಶುರುವಾಯಿತು ಎನ್ನಬಹುದು. ಆಸ್ಪತ್ರೆಗಳಿಗೂ ಇದೇ ಬಗೆ ಅನುಕೂಲವಾಗಿತ್ತು. ವಾರ್ಡಿನಿಂದ ಎಕ್ಸ್‌-ರೇ ಕೋಣೆಗೆ ಹತ್ತು ನಿಮಿಷ ಒಯ್ಯುವುದಕ್ಕೆ ಅಳತೆ ಯಾಕೆ?

ಕಾರಿನ ಡಿಕ್ಕಿಗೆ ಹಿಡಿಸಿದ ಕುರ್ಚಿ

ನಾವು ಇಂದು 'ವೀಲ್‌ಚೇರ್' ಎಂದರೆ ಕಣ್ಣಮುಂದೆ ಬರುವ, ನಡುವೆ ಮಡಚುವ, ಬಟ್ಟೆಯ ಆಸನದ ಕುರ್ಚಿ 1930ರ ದಶಕದ್ದು. ಅಮೆರಿಕದ ಗಣಿ ಎಂಜಿನಿಯರ್ ಹರ್ಬರ್ಟ್ ಎವರೆಸ್ಟ್ ಗಣಿ ಅಪಘಾತದಲ್ಲಿ ಬೆನ್ನುಮೂಳೆ ಮುರಿದುಕೊಂಡಿದ್ದ. ಅಂದಿನ ಭಾರದ ಕುರ್ಚಿಯನ್ನು ಕಾರಿನಲ್ಲಿ ಒಯ್ಯುವುದು ಆಗದ ಮಾತಾಗಿತ್ತು. ಅವನ ಗೆಳೆಯ, ಮೆಕ್ಯಾನಿಕಲ್ ಎಂಜಿನಿಯರ್ ಹ್ಯಾರಿ ಜೆನ್ನಿಂಗ್ಸ್, ಉಕ್ಕಿನ ಕೊಳವೆಗಳನ್ನು ಆಸನದ ಕೆಳಗೆ ಕತ್ತರಿಯಂತೆ ಅಡ್ಡಡ್ಡ ಜೋಡಿಸಿ ಮಡಚುವ ಕುರ್ಚಿ ಮಾಡಿಕೊಟ್ಟ. 1937ರಲ್ಲಿ ಪೇಟೆಂಟ್ ಸಿಕ್ಕಿತು. ಇಬ್ಬರೂ ಸೇರಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ಕಂಪನಿ ಮುಂದೆ ಎಷ್ಟು ದೊಡ್ಡದಾಯಿತೆಂದರೆ, 1977ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಏಕಸ್ವಾಮ್ಯದ ಆರೋಪದಲ್ಲಿ ಅದರ ಮೇಲೆ ಮೊಕದ್ದಮೆ ಹೂಡಿತು.

ಈ ಕುರ್ಚಿಯಿಂದ ಎಷ್ಟೋ ಜನ ಮನೆಯಿಂದ ಹೊರಗೆ ಬಂದರು, ಕೆಲಸಕ್ಕೆ ಹೋದರು. ಆದರೆ ಮಡಚಬೇಕೆಂದರೆ ಆಸನ ಗಟ್ಟಿ ಹಲಗೆಯಾಗಿರುವಂತಿಲ್ಲ, ಬಟ್ಟೆಯೋ ರೆಕ್ಸಿನ್ನೋ ಆಗಬೇಕು. ಬಟ್ಟೆ ಕೆಲವೇ ತಿಂಗಳಲ್ಲಿ ಜೋಳಿಗೆಯಂತೆ ಜೋತುಬೀಳುತ್ತದೆ. ಸೊಂಟದ ಮೇಲೆ ಹಿಡಿತವಿರುವ ವಯಸ್ಕನಿಗೆ ಅದು ಕಿರಿಕಿರಿಯಷ್ಟೇ. ಬೆಳೆಯುತ್ತಿರುವ, ಸ್ನಾಯು ಬಿಗಿತವಿರುವ ಮಗುವಿಗೆ ಅದರ ಪರಿಣಾಮವೇ ಬೇರೆ. ಜೋಳಿಗೆಯಲ್ಲಿ ಕೂತರೆ ಸೊಂಟದ ಮೂಳೆ ಒಂದು ಕಡೆ ಓರೆಯಾಗುತ್ತದೆ, ತೊಡೆಗಳೆರಡೂ ಒಳಕ್ಕೆ ಕೂಡುತ್ತವೆ, ಬೆನ್ನು ಬಿಲ್ಲಾಗುತ್ತದೆ. ದಿನಕ್ಕೆ ಹಲವು ಗಂಟೆ, ವರ್ಷಗಟ್ಟಲೆ ಹೀಗೇ ಕೂತರೆ ಬೆನ್ನುಮೂಳೆ ಡೊಂಕಾಗುವುದು, ತೊಡೆಯ ಕೀಲು ಜಾರುವುದು ಹೆಚ್ಚುತ್ತದೆ. ಎದೆಗೂಡು ಅದುಮಿದಂತಾಗಿ ಉಸಿರಿಗೂ ಊಟಕ್ಕೂ ಕಷ್ಟ. ಎವರೆಸ್ಟ್ ತನ್ನ ಕಾರಿಗಾಗಿ ಬಯಸಿದ ಅನುಕೂಲ ಹೀಗೆ ಅರಿವಿಲ್ಲದೆಯೇ ಮುಂದಿನ ಪೀಳಿಗೆಗಳ ಮಕ್ಕಳ ಬೆನ್ನಿಗೆ ಬಂದು ಕೂತಿತು.

ಎರಡನೇ ಮಹಾಯುದ್ಧ ಈ ಮಾದರಿಯನ್ನು ಇನ್ನಷ್ಟು ಗಟ್ಟಿ ಮಾಡಿತು. ಬೆನ್ನುಹುರಿಗೆ ಪೆಟ್ಟಾದ ಸೈನಿಕರು ಹೊಸ ಔಷಧಿಗಳಿಂದಾಗಿ ಬದುಕಿ ಉಳಿಯತೊಡಗಿದರು. ಕುರ್ಚಿ ತಯಾರಕರ ಲೆಕ್ಕದಲ್ಲಿ ಬಳಸುವವ ಎಂದರೆ ಒಬ್ಬ ವಯಸ್ಕ ಗಂಡಸು. ಕೆನಡಾದ ಜಾರ್ಜ್ ಕ್ಲೈನ್ ರೂಪಿಸಿದ ವಿದ್ಯುತ್ ಗಾಲಿಕುರ್ಚಿಯೂ ಯುದ್ಧದಿಂದ ಮರಳಿದವರಿಗಾಗಿಯೇ. ನಮ್ಮಲ್ಲೂ ಅಷ್ಟೆ: ಪುಣೆಯ ಕೃತಕ ಅಂಗ ಕೇಂದ್ರ ಶುರುವಾದದ್ದು 1944ರಲ್ಲಿ, ಸೈನಿಕರಿಗಾಗಿ. ಮಕ್ಕಳ ಸರದಿ ಬರಲು ಇನ್ನೂ ಸ್ವಲ್ಪ ಕಾಲ ಬೇಕಾಯಿತು.

ನಡೆಯಲೇಬೇಕಾದ ಮಕ್ಕಳು

ಮುಂಬೈಯಲ್ಲಿರುವ ಓದುಗರು ಹಾಜಿ ಅಲಿ ವೃತ್ತದಲ್ಲಿ ಎಷ್ಟೋ ಸಲ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದಿರಬಹುದು. ಭಾರತದಲ್ಲಿ ಅಂಗವಿಕಲ ಮಕ್ಕಳ ಚಿಕಿತ್ಸೆಯ ಚರಿತ್ರೆಯ ಒಂದು ದೊಡ್ಡ ಭಾಗ ಆ ವೃತ್ತದ ಸುತ್ತಲೇ ಇದೆ. ಫಾತಿಮಾ ಇಸ್ಮಾಯಿಲ್ ಅವರ ಪುಟ್ಟ ಮಗಳಿಗೆ ಪೋಲಿಯೊ ತಗುಲಿತು. ಮಗಳ ಚಿಕಿತ್ಸೆಗಾಗಿ ಓಡಾಡಿದ ಆ ತಾಯಿ 1947ರಲ್ಲಿ ಬೊಂಬಾಯಿಯಲ್ಲಿ ಇಂಥ ಮಕ್ಕಳ ಪುನರ್ವಸತಿಗೆ ಒಂದು ಸಂಸ್ಥೆ ಕಟ್ಟಿದರು. ಅದರಿಂದಲೇ ಹಾಜಿ ಅಲಿಯ ಮಕ್ಕಳ ಮೂಳೆ ಆಸ್ಪತ್ರೆ ಬೆಳೆಯಿತು. 1955ರಲ್ಲಿ ಪಕ್ಕದಲ್ಲೇ ಕೇಂದ್ರ ಸರಕಾರದ ಅಖಿಲ ಭಾರತ ಭೌತಚಿಕಿತ್ಸೆ ಮತ್ತು ಪುನರ್ವಸತಿ ಸಂಸ್ಥೆ ಬಂತು.

ಆ ಕಾಲದ ವೈದ್ಯರ ಗುರಿ ಒಂದೇ: ಮಗು ನಡೆಯಬೇಕು. ಕ್ಯಾಲಿಪರ್, ಊರುಗೋಲು, ಶಸ್ತ್ರಚಿಕಿತ್ಸೆ, ಪ್ಲಾಸ್ಟರು, ಮತ್ತೆ ಕ್ಯಾಲಿಪರ್. ನನ್ನ ವಯಸ್ಸಿನವರ ಶಾಲೆಗಳಲ್ಲಿ ಕಬ್ಬಿಣದ ಪಟ್ಟಿ, ಚರ್ಮದ ಬೂಟಿನ ಒಬ್ಬನಾದರೂ ಹುಡುಗ ಇರುತ್ತಿದ್ದ, ನೆನಪಿರಬಹುದು. ಪೋಲಿಯೊ ಬಂದ ಎಷ್ಟೋ ಮಕ್ಕಳಿಗೆ ಇದರಿಂದ ನಿಜವಾಗಿಯೂ ನಡೆಯಲು ಬಂತು. 1960ರ ದಶಕದ ಕೊನೆಯಲ್ಲಿ ಹುಟ್ಟಿದ ಜೈಪುರ ಕಾಲು ನಮ್ಮ ದೇಶದ ಹೆಮ್ಮೆಯಾಯಿತು. ಅದೂ ನಡೆಯುವ ಕಥೆಯೇ. ಆದರೆ ಈ ಎಲ್ಲದರ ಹಿಂದೆ, ಗಾಲಿಕುರ್ಚಿ ಎಂದರೆ ಸೋಲು ಎಂಬ ಭಾವನೆ ಬೆಳೆಯಿತು. ಮಗುವನ್ನು ಕುರ್ಚಿಯಲ್ಲಿ ಕೂರಿಸಿದರೆ ಅದು ಸೋಮಾರಿಯಾಗುತ್ತದೆ, ನಡೆಯುವ ಆಸೆ ಬಿಡುತ್ತದೆ ಎಂದು ತಾಯ್ತಂದೆಯರಿಗೆ ಹೇಳುತ್ತಿದ್ದರು. ಈಗಲೂ ಹೇಳುವವರಿದ್ದಾರೆ. ಸೋಲಿನ ಗುರುತಾಗಿ ಬಂದ ವಸ್ತುವಿಗೆ ಅಳತೆ ನೋಡುವ ಉತ್ಸಾಹ ಯಾರಿಗಿರುತ್ತದೆ?

ಪಶ್ಚಿಮದಲ್ಲೂ ಇದೇ ಮನೋಭಾವ ಇತ್ತು. ಥ್ಯಾಲಿಡೊಮೈಡ್ ಎಂಬ ಮಾತ್ರೆಯಿಂದ 1950ರ ದಶಕದ ಕೊನೆಯಿಂದ 1962ರವರೆಗೆ ಸಾವಿರಾರು ಮಕ್ಕಳು ಕೈಕಾಲು ಪೂರ್ತಿ ಬೆಳೆಯದೆ ಹುಟ್ಟಿದರು. ಅವರಿಗೆ ಒತ್ತಡದ ಅನಿಲದಿಂದ ಆಡುವ ಕೃತಕ ತೋಳುಗಳನ್ನು ಕಟ್ಟಿದರು. ಅನೇಕ ಮಕ್ಕಳು ಅವನ್ನು ಬಿಚ್ಚಿಟ್ಟು, ಕಾಲ್ಬೆರಳಿನಲ್ಲೋ ಗಿಡ್ಡ ಕೈಯಲ್ಲೋ ಕೆಲಸ ಮಾಡಿಕೊಂಡರು. ದೊಡ್ಡವರಿಗೆ ಮಗು 'ಎಲ್ಲರಂತೆ ಕಾಣಬೇಕು', ಮಗುವಿಗೆ ಬಿಸ್ಕತ್ತಿನ ಡಬ್ಬಿ ತೆರೆಯಬೇಕು. ಇಂಥ ಮಕ್ಕಳನ್ನು ನೋಡಿಕೊಂಡ ಇಂಗ್ಲೆಂಡಿನ ಸಂಸ್ಥೆಗಳಲ್ಲಿ ಚೈಲಿ ಹೆರಿಟೇಜ್ ಒಂದು. 1903ರಲ್ಲಿ ಗ್ರೇಸ್ ಕಿಮ್ಮಿನ್ಸ್ ಶುರು ಮಾಡಿದ ಆ ಶಾಲೆಯಲ್ಲೇ ಮುಂದೆ ಚಿಕಿತ್ಸಕರು, ಮಗು ತಾನಾಗಿ ಎಷ್ಟು ಕೂರಬಲ್ಲದು ಎಂಬುದನ್ನು ಹಂತಹಂತವಾಗಿ ಗುರುತಿಸುವ ಕ್ರಮ ರೂಪಿಸಿದರು. ಯಾವ ಹಂತದ ಮಗುವಿಗೆ ಎಲ್ಲಿ ಎಷ್ಟು ಆಸರೆ ಬೇಕು ಎಂದು ಯೋಚಿಸುವ ದಾರಿ ಇದರಿಂದ ಸಿಕ್ಕಿತು.

ಇಷ್ಟರಲ್ಲಿ ಮಕ್ಕಳ ಅಂಗವೈಕಲ್ಯದ ಕಾರಣಗಳೇ ಬದಲಾಗತೊಡಗಿದವು. ಲಸಿಕೆಯಿಂದ ಪೋಲಿಯೊ ಹಿಂದೆ ಸರಿಯಿತು. ಭಾರತದ ಕೊನೆಯ ಪ್ರಕರಣ ಕಂಡುಬಂದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದಲ್ಲಿ. 2014ರ ಮಾರ್ಚ್‌ನಲ್ಲಿ ದೇಶ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಈಗ ಗಾಲಿಕುರ್ಚಿ ಬೇಕಾಗುವ ಮಕ್ಕಳಲ್ಲಿ ಹೆಚ್ಚಿನವರಿಗೆ ಇರುವುದು ಸೆರೆಬ್ರಲ್ ಪಾಲ್ಸಿ, ಸ್ನಾಯು ಕ್ಷಯ, ಹುಟ್ಟಿನಿಂದಲೇ ಬೆನ್ನುಹುರಿ ಮುಚ್ಚಿಕೊಳ್ಳದ ಸ್ಪೈನಾ ಬೈಫಿಡಾ. ಪೋಲಿಯೊ ಬಂದ ಮಗುವಿಗೆ ಕಾಲಿನಲ್ಲಿ ಬಲವಿಲ್ಲ, ಸ್ಪರ್ಶ ತಿಳಿಯುತ್ತದೆ, ಎಷ್ಟೋ ಸಲ ಬೆನ್ನು ಗಟ್ಟಿ ಇರುತ್ತದೆ. ಸೆರೆಬ್ರಲ್ ಪಾಲ್ಸಿಯ ಮಗುವಿಗೆ ಮೈಯ ಸಮತೋಲವೇ ಸವಾಲು. ಸ್ಪೈನಾ ಬೈಫಿಡಾದ ಮಗುವಿಗೆ ಕೂರುವ ಜಾಗದಲ್ಲಿ ಸ್ಪರ್ಶಜ್ಞಾನ ಇಲ್ಲದಿರಬಹುದು, ಗಟ್ಟಿ ಆಸನದಲ್ಲಿ ಹುಣ್ಣಾದರೂ ತಿಳಿಯುವುದಿಲ್ಲ. ಮೂವರಿಗೂ ಒಂದೇ ಕುರ್ಚಿ ಹೇಗೆ ಆದೀತು?

1972 ಈ ಕಥೆಯಲ್ಲಿ ಎರಡು ಕಾರಣಕ್ಕೆ ಮುಖ್ಯ. ಆ ವರ್ಷ ಮಿಥು ಆಲೂರ್ ಮುಂಬೈಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಶುರು ಮಾಡಿದರು. ಅವರ ಮಗಳು ಮಾಲಿನಿ ಛಿಬ್‌ಗೆ ಸೆರೆಬ್ರಲ್ ಪಾಲ್ಸಿ. ಮುಂದೆ ಮಾಲಿನಿ ವಿದೇಶದಲ್ಲಿ ಓದಿ ಬಂದು ತಮ್ಮ ಆತ್ಮಕಥೆಯನ್ನೂ ಬರೆದರು. ಮತ್ತೆ ಮುನ್ನಡೆಸಿದ್ದು ಒಬ್ಬ ತಾಯಿಯೇ ಎಂಬುದನ್ನು ಗಮನಿಸಿ. ಅದೇ ವರ್ಷ ಕಾನ್ಪುರದಲ್ಲಿ ಕೇಂದ್ರ ಸರಕಾರದ ಉದ್ದಿಮೆ ಅಲಿಮ್ಕೊ ಸ್ಥಾಪನೆಯಾಯಿತು. 1981ರಲ್ಲಿ ಅಡಿಪ್ ಯೋಜನೆ ಬಂದ ಮೇಲೆ ಬಡ ಕುಟುಂಬಗಳಿಗೆ ಟ್ರೈಸಿಕಲ್, ಗಾಲಿಕುರ್ಚಿ, ಶ್ರವಣಯಂತ್ರ ಉಚಿತವಾಗಿಯೋ ಕಡಿಮೆ ಬೆಲೆಗೋ ಸಿಗತೊಡಗಿದವು. ತೆವಳಿಕೊಂಡು ಹೋಗುತ್ತಿದ್ದ ಲಕ್ಷಾಂತರ ಜನರಿಗೆ ಇದರಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಹಂಚುವ ಕೆಲಸಕ್ಕೆ ಶಿಬಿರವೇ ದಾರಿಯಾಯಿತು. ಶಿಬಿರದಲ್ಲಿ ಲೆಕ್ಕ ಇಡುವುದು ಎಷ್ಟು ಕುರ್ಚಿ ಕೊಟ್ಟೆವು ಎಂದು. ಕೊಟ್ಟ ಕುರ್ಚಿಯಲ್ಲಿ ಮಗು ಹೇಗೆ ಕೂತಿದೆ ಎಂದು ಮೂರು ತಿಂಗಳ ಮೇಲೆ ನೋಡುವವರು ಯಾರು?

ಎರಡು ವರ್ಷದ ಚಾಲಕರು

1978ರಲ್ಲಿ ಕ್ಯಾಲಿಫೋರ್ನಿಯಾದ ಮರಿಲಿನ್ ಹ್ಯಾಮಿಲ್ಟನ್ ಎಂಬ ತರುಣಿ ಹ್ಯಾಂಗ್ ಗ್ಲೈಡರ್‌ನಿಂದ ಬಿದ್ದು ಕಾಲುಗಳ ಸ್ವಾಧೀನ ಕಳೆದುಕೊಂಡಳು. ಆಸ್ಪತ್ರೆಯವರು ಕೊಟ್ಟ ಭಾರದ ಉಕ್ಕಿನ ಕುರ್ಚಿ ಅವಳಿಗೆ ಸಹ್ಯವಾಗಲಿಲ್ಲ. ಗ್ಲೈಡರ್ ಕಟ್ಟುತ್ತಿದ್ದ ಇಬ್ಬರು ಗೆಳೆಯರನ್ನು ಕರೆದು, ನೀವು ಗ್ಲೈಡರಿಗೆ ಬಳಸುವ ಅಲ್ಯುಮಿನಿಯಮ್ಮಿನಲ್ಲೇ ನನಗೊಂದು ಕುರ್ಚಿ ಮಾಡಿಕೊಡಿ ಎಂದು ಕೇಳಿದಳು. ಹೀಗೆ ಹುಟ್ಟಿದ 'ಕ್ವಿಕಿ' ಅಂದಿನ ಸಾಮಾನ್ಯ ಕುರ್ಚಿಯ ಸುಮಾರು ಅರ್ಧ ತೂಕದ್ದು, ಬಣ್ಣಬಣ್ಣದ್ದು. ಮುಂದೆ ಮಕ್ಕಳಿಗಾಗಿಯೇ 'ಜಿಪ್ಪಿ' ಎಂಬ ಕುರ್ಚಿಗಳು ಬಂದವು. ಹದಿನೈದು ಕಿಲೋ ತೂಗುವ ಮಗುವಿಗೆ ಇಪ್ಪತ್ತು ಕಿಲೋದ ಕುರ್ಚಿ ತಳ್ಳಿಕೋ ಎನ್ನುವುದು, ದೊಡ್ಡವರಿಗೆ ಎಪ್ಪತ್ತು-ಎಂಬತ್ತು ಕಿಲೋದ ಕುರ್ಚಿ ಕೊಟ್ಟ ಹಾಗೆ. ತೂಕ ಇಳಿದಾಗ ಮಕ್ಕಳು ತಾವೇ ಓಡಾಡತೊಡಗಿದರು.

ಕೈಯಲ್ಲೂ ಬಲವಿಲ್ಲದ ಮಕ್ಕಳ ಗತಿ ಏನು? ವಿದ್ಯುತ್ ಕುರ್ಚಿ ಇತ್ತು. ಆದರೆ ಅದು ಬುದ್ಧಿ ಬೆಳೆದ ಮೇಲೆ ಕೊಡುವಂಥದ್ದು ಎಂದೇ ವೈದ್ಯರು ನಂಬಿದ್ದರು. 1980ರ ದಶಕದ ಆರಂಭದಲ್ಲಿ ಅಮೆರಿಕದ ಚಾರ್ಲೀನ್ ಬಟ್ಲರ್ ಮತ್ತು ಸಂಗಡಿಗರು ಎರಡು-ಮೂರು ವರ್ಷದ ಅಂಗವಿಕಲ ಮಕ್ಕಳಿಗೆ ವಿದ್ಯುತ್ ಕುರ್ಚಿ ಕೊಟ್ಟು ನೋಡಿದರು. ಹೆಚ್ಚಿನ ಮಕ್ಕಳು ಕೆಲವೇ ವಾರಗಳಲ್ಲಿ ಸುರಕ್ಷಿತವಾಗಿ ಓಡಿಸಲು ಕಲಿತರು. ಮಗುವಿಗೆ ಬುದ್ಧಿ ಬೆಳೆದ ಮೇಲೆ ಓಡಾಟ ಎಂಬ ಹಳೆಯ ತಿಳಿವಳಿಕೆಯೇ ತಲೆಕೆಳಗಾಯಿತು. ಅಂಬೆಗಾಲಿಡುವ ಮಗು ಪಾತ್ರೆ ಬೀಳಿಸಿ, ಮೂಲೆ ಹೊಕ್ಕು, ಅಮ್ಮನಿಂದ ದೂರ ಹೋಗಿ ತಿರುಗಿ ನೋಡಿ ಕಲಿಯುತ್ತದೆ. ಆ ಅವಕಾಶವೇ ಸಿಗದ ಮಗು, ಎಲ್ಲವೂ ತನ್ನ ಬಳಿಗೆ ಬರಲಿ ಎಂದು ಕಾಯುವುದನ್ನು ಕಲಿಯುತ್ತದೆ. ಕುರ್ಚಿ ಮಗುವನ್ನು ಸೋಮಾರಿ ಮಾಡುತ್ತದೆ ಎನ್ನುವವರಿಗೆ ಕೊಡಬಹುದಾದ ಉತ್ತರ ಇದು.

ಚೆನ್ನೈಗೆ ಬಂದ ನಾಲ್ಕು ಕುರ್ಚಿ

ಇದೆಲ್ಲ ಹಣವಿರುವ ದೇಶಗಳ ಮಾತಾಯಿತು. 1980ರಲ್ಲಿ ಅಮೆರಿಕದ ಎಂಜಿನಿಯರ್ ರಾಲ್ಫ್ ಹಾಚ್‌ಕಿಸ್, ಸ್ವತಃ ಗಾಲಿಕುರ್ಚಿ ಬಳಸುವವನು, ನಿಕರಾಗುವಾ ದೇಶಕ್ಕೆ ಹೋದ. ಅಲ್ಲಿ ನಾಲ್ವರು ತರುಣರು ಒಂದೇ ಕುರ್ಚಿಯನ್ನು ಹಂಚಿಕೊಂಡು, ಮುರಿದಾಗಲೆಲ್ಲ ತಾವೇ ರಿಪೇರಿ ಮಾಡಿಕೊಂಡು ಬಳಸುತ್ತಿದ್ದರು. ಆ ರಿಪೇರಿಗಳಲ್ಲಿ ಅಮೆರಿಕದ ಕಾರ್ಖಾನೆಗೆ ಹೊಳೆಯದ ಉಪಾಯಗಳನ್ನು ಹಾಚ್‌ಕಿಸ್ ಕಂಡ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ, ಅಲ್ಲೇ ಸಿಗುವ ಕೊಳವೆ ಮತ್ತು ಸೈಕಲ್ ಭಾಗಗಳಿಂದ, ಬಳಸುವವರೇ ಕುರ್ಚಿ ಕಟ್ಟುವಂತೆ ಮಾಡುವುದೇ ಅವನ ಬದುಕಿನ ಕೆಲಸವಾಯಿತು. ಮೆಕ್ಸಿಕೊದ ಹಳ್ಳಿಯೊಂದರಲ್ಲಿ ಅಂಗವಿಕಲ ಯುವಕರೊಂದಿಗೆ ಕೆಲಸ ಮಾಡುತ್ತಿದ್ದ ಡೇವಿಡ್ ವರ್ನರ್ 1987ರಲ್ಲಿ 'ಡಿಸೇಬಲ್ಡ್ ವಿಲೇಜ್ ಚಿಲ್ಡ್ರನ್' ಎಂಬ ದಪ್ಪ ಪುಸ್ತಕ ಹೊರತಂದ. ಮರದ ಹಲಗೆ, ರಟ್ಟು, ಹಳೆಯ ಟಯರಿನಿಂದ ಮಗುವಿಗೆ ತಕ್ಕ ಆಸನ, ನೆಲಮಟ್ಟದ ಗಾಲಿಬಂಡಿ ಮಾಡುವ ನೂರಾರು ಚಿತ್ರಗಳು ಅದರಲ್ಲಿವೆ. ನೆಲದ ಮೇಲೆ ಕೂತು ಉಣ್ಣುವ, ಓದುವ, ಆಡುವ ನಮ್ಮಂಥ ಮನೆಗಳಿಗೆ ಆ ಪುಸ್ತಕ ಹೊಂದುವಷ್ಟು ಬೇರೆ ಪುಸ್ತಕ ಹೊಂದುವುದು ಕಷ್ಟ. ಲಂಡನ್ನಿನ ಇಬ್ಬರು ವಿನ್ಯಾಸ ವಿದ್ಯಾರ್ಥಿಗಳು, ಡೇವಿಡ್ ಕಾನ್‌ಸ್ಟಂಟೈನ್ ಮತ್ತು ಸೈಮನ್ ಗೂ, ಬಡ ದೇಶಗಳಿಗಾಗಿ ಕುರ್ಚಿ ರೂಪಿಸಿ 1991ರಲ್ಲಿ ಬಾಂಗ್ಲಾದೇಶದಲ್ಲಿ ಕೆಲಸ ಶುರು ಮಾಡಿದರು. ಮೋಟಿವೇಶನ್ ಸಂಸ್ಥೆ ಬೆಳೆದದ್ದು ಹೀಗೆ.

ಇನ್ನೊಂದು ದಾರಿಯೂ ಇತ್ತು. ಎಂ.ಐ.ಟಿ.ಯಲ್ಲಿ ಓದಿದ್ದ ಡಾನ್ ಶೋಂಡಾರ್ಫರ್ ಎಂಬ ಎಂಜಿನಿಯರ್ ಹಿಂದೊಮ್ಮೆ ಮೊರಾಕೊದಲ್ಲಿ ರಸ್ತೆ ದಾಟಲು ತೆವಳುತ್ತಿದ್ದ ಹೆಂಗಸನ್ನು ನೋಡಿದ್ದ. ಆ ದೃಶ್ಯ ಅವನನ್ನು ಬಿಡಲಿಲ್ಲ. ಅತ್ಯಂತ ಅಗ್ಗದ ಕುರ್ಚಿ ಯಾವುದು ಎಂದು ಹುಡುಕಿ, ನಮ್ಮ ಮದುವೆ ಮನೆಗಳಲ್ಲೂ ಕಾಣುವ ಬಿಳಿ ಪ್ಲಾಸ್ಟಿಕ್ ಕುರ್ಚಿಗೆ ಸೈಕಲ್ ಗಾಲಿ ಜೋಡಿಸಿದ. 2001ರಲ್ಲಿ ನಾಲ್ಕು ಕುರ್ಚಿ ಹೊತ್ತು ಅವನು ಮೊದಲು ಬಂದದ್ದು ಚೆನ್ನೈಗೆ. ಅಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಹುಡುಗನೊಬ್ಬನಿಗೆ ಮೊದಲ ಕುರ್ಚಿ ಸಿಕ್ಕಿತು. ಅಲ್ಲಿಯವರೆಗೆ ಮನೆಯವರು ಆ ಹುಡುಗನನ್ನು ಎತ್ತಿಕೊಂಡೇ ತಿರುಗಬೇಕಿತ್ತು. ಮುಂದೆ ಆ ಸಂಸ್ಥೆ ಜಗತ್ತಿನಾದ್ಯಂತ ಲಕ್ಷಗಟ್ಟಲೆ ಕುರ್ಚಿ ಕೊಟ್ಟಿತು.

ಟೀಕೆಯೂ ಬಂತು. ಪ್ಲಾಸ್ಟಿಕ್ ಕುರ್ಚಿಗೆ ಒಂದೇ ಅಳತೆ. ಚಿಕ್ಕ ಮಗು ಅದರಲ್ಲಿ ಮುಳುಗುತ್ತದೆ. ಸ್ಪರ್ಶಜ್ಞಾನ ಇಲ್ಲದವರಿಗೆ ಹುಣ್ಣಾಗುತ್ತದೆ, ಆ ಹುಣ್ಣು ನಂಜೇರಿ ಜೀವವನ್ನೇ ತೆಗೆಯಬಹುದು. ಎತ್ತಿಕೊಂಡು ಬೆನ್ನು ಮುರಿದುಕೊಂಡ ತಾಯಿಗೆ ಇಂದು ಒಂದು ಕುರ್ಚಿ ಸಿಕ್ಕಿದ್ದು ದೊಡ್ಡದೋ, ಐದು ವರ್ಷದ ಮೇಲೆ ಮಗುವಿನ ಬೆನ್ನು ಡೊಂಕಾಗದಿರುವುದು ದೊಡ್ಡದೋ? ಎರಡೂ ಕಡೆಯವರು ಕರುಣೆಯುಳ್ಳವರೇ. ಅದೇ ಸಂಸ್ಥೆ ಮುಂದೆ ಬೇರೆ ಬೇರೆ ಅಳತೆಯ, ಹೊಂದಿಸಬಹುದಾದ ಕುರ್ಚಿಗಳನ್ನು ತಂದಿತು. ವಾದ ಯಾವ ಕಡೆ ವಾಲಿತು ಎಂಬುದು ಅದರಿಂದಲೇ ತಿಳಿಯುತ್ತದೆ.

ಬೆಂಗಳೂರು, ನವೆಂಬರ್ 2006

ಈ ವಾದ ಒಂದು ನೆಲೆಗೆ ಬಂದದ್ದು ನಮ್ಮ ಬೆಂಗಳೂರಿನಲ್ಲಿ. ಊರಿಗೆ ಆ ಹಿನ್ನೆಲೆ ಇತ್ತು. ಪೋಲಿಯೊದಿಂದಾಗಿ ಸ್ವತಃ ಗಾಲಿಕುರ್ಚಿ ಬಳಸುತ್ತಿದ್ದ ಎನ್. ಎಸ್. ಹೇಮಾ 1959ರಲ್ಲೇ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಸಂಸ್ಥೆಯನ್ನು ಅಲ್ಲಿ ಕಟ್ಟಿದ್ದರು. 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ, ಕ್ಯಾಲಿಪರ್, ಕೃತಕ ಕಾಲು, ಗಾಲಿಕುರ್ಚಿಗಳ ಕೆಲಸದಲ್ಲಿ ಜನರನ್ನು ತರಬೇತು ಮಾಡುತ್ತಾ ಬಂದಿತ್ತು.

2006ರ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕೃತಕಾಂಗ ತಜ್ಞರ ಅಂತರರಾಷ್ಟ್ರೀಯ ಸಂಘ ಮತ್ತು ಅಮೆರಿಕದ ಯುಎಸ್‌ಏಡ್ ಸೇರಿ, ಅಭಿವೃದ್ಧಿಶೀಲ ದೇಶಗಳ ಗಾಲಿಕುರ್ಚಿಗಳ ಬಗ್ಗೆ ಬೆಂಗಳೂರಿನಲ್ಲಿ ಒಂದು ಸಮ್ಮೇಳನ ನಡೆಸಿದವು. ಅಲ್ಲಿನ ಒಮ್ಮತದ ಮೇಲೆ 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಪ್ರಕಟವಾಯಿತು. 'ತಕ್ಕ ಗಾಲಿಕುರ್ಚಿ' ಎಂದರೆ ಏನು ಎಂಬುದು ಅದರಲ್ಲಿ ಸ್ಪಷ್ಟವಾಗಿದೆ. ಕುರ್ಚಿ ಬಳಸುವವರ ಅಗತ್ಯಕ್ಕೂ ಅವರು ಬದುಕುವ ಜಾಗಕ್ಕೂ ಹೊಂದಬೇಕು. ಮೈಗೆ ಸರಿಯಾಗಿ ಕೂತು ಆಸರೆ ಕೊಡಬೇಕು. ಸುರಕ್ಷಿತವಾಗಿ ಬಾಳಿಕೆ ಬರಬೇಕು. ಆ ದೇಶದಲ್ಲೇ, ಕೈಗೆಟಕುವ ಬೆಲೆಗೆ ಸಿಗಬೇಕು ಮತ್ತು ಅಲ್ಲೇ ರಿಪೇರಿಯಾಗಬೇಕು. ಕುರ್ಚಿ ಕೊಡುವುದನ್ನು ಎಂಟು ಹೆಜ್ಜೆಗಳ ಸೇವೆ ಎಂದು ಅದು ವಿವರಿಸುತ್ತದೆ: ಕಳಿಸಿಕೊಡುವುದು, ಪರೀಕ್ಷಿಸಿ ಅಳೆಯುವುದು, ಆರಿಸುವುದು, ಹಣ ಹೊಂದಿಸಿ ತರಿಸುವುದು, ಸಿದ್ಧಮಾಡುವುದು, ಕೂರಿಸಿ ಸರಿಪಡಿಸುವುದು, ಬಳಸಲು ಕಲಿಸುವುದು, ಕೊನೆಗೆ ರಿಪೇರಿ ಮತ್ತು ಮರುಪರೀಕ್ಷೆ. ನಮ್ಮಕ್ಕನ ಮಗಳಿಗೆ ಈ ಎಂಟರಲ್ಲಿ ಸಿಕ್ಕಿದ್ದು ಎಷ್ಟು ಎಂದು ಎಣಿಸಿ ನೋಡಿದೆ. ಒಂದೂವರೆ.

ಬೆಂಗಳೂರಿನ ಸಮ್ಮೇಳನ ಮುಗಿದ ಮರುತಿಂಗಳೇ, 2006ರ ಡಿಸೆಂಬರ್ 13ರಂದು, ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಅಂಗೀಕರಿಸಿತು. ಭಾರತ ಅದಕ್ಕೆ 2007ರಲ್ಲಿ ಒಪ್ಪಿಗೆ ಕೊಟ್ಟಿತು. 2016ರ ನಮ್ಮ ಕಾನೂನು ಅದರ ಫಲ. ಓಡಾಟ ದಾನವಾಗಿ ಸಿಗುವ ವಸ್ತುವಾಗಿ ಉಳಿಯದೆ ಹಕ್ಕಾಯಿತು, ಕಾಗದದ ಮೇಲಾದರೂ.

ಟೇಪು ಹಿಡಿದಾಗ

ಮುಂದಿನ ಸಲ ಪುಣೆಗೆ ಹೋದಾಗ ಅಕ್ಕನನ್ನೂ ಹುಡುಗಿಯನ್ನೂ ಕರೆದುಕೊಂಡು, ಕೂರಿಸುವ ವಿದ್ಯೆ ಬಲ್ಲ ಒಬ್ಬ ಥೆರಪಿಸ್ಟ್ ಬಳಿ ಹೋದೆವು. ಅವರು ಕುರ್ಚಿ ತೋರಿಸುವ ಮೊದಲು ಹುಡುಗಿಯನ್ನೇ ಕೇಳಿದರು: "ನಿನಗೆ ಎಲ್ಲಿಗೆ ಹೋಗಬೇಕು?" ಅವಳು ಮೂರು ಜಾಗ ಹೇಳಿದಳು. ಶಾಲೆಯ ಲೈಬ್ರರಿ, ಕೆಳಗಿನ ಮನೆಯ ಗೆಳತಿಯ ಹತ್ತಿರ, ಬಚ್ಚಲು. ಆಮೇಲೆ ಅವರು ನಮ್ಮನ್ನು ಕೇಳಿದ್ದು ಬಚ್ಚಲಿನ ಬಾಗಿಲು ಎಷ್ಟು ಅಗಲ ಎಂದು. ನಮಗೆ ಗೊತ್ತಿರಲಿಲ್ಲ. ಫೋನ್ ಮಾಡಿ ಭಾವನಿಂದ ಅಳೆಸಿದೆವು. 24 ಇಂಚು. ಶಿಬಿರದ ಕುರ್ಚಿಯ ಹೊರ ಅಗಲ 25 ಇಂಚಿನ ಮೇಲಿತ್ತು.

ಹುಡುಗಿಯನ್ನು ಗಟ್ಟಿ ಹಲಗೆಯ ಮೇಲೆ ಕೂರಿಸಿ ಅವರು ತೆಗೆದ ಅಳತೆಗಳು ನಾಲ್ಕೈದು. ಸೊಂಟದ ಅಗಲ, ಆಸನ ಅಷ್ಟೇ ಇರಬೇಕು, ಪಕ್ಕದಲ್ಲಿ ಅಂಗೈ ತೂರುವಷ್ಟು ಬಿಟ್ಟರೆ ಸಾಕು. ಹಿಂಭಾಗದಿಂದ ಮೊಣಕಾಲಿನ ಹಿಂಬದಿಯವರೆಗೆ ತೊಡೆಯ ಉದ್ದ. ಎರಡು-ಮೂರು ಬೆರಳು ಕಡಿಮೆ ಮಾಡಿದರೆ ಆಸನದ ಆಳ. ಆಳ ಹೆಚ್ಚಾದರೆ ಮಗು ಬೆನ್ನು ಆನಿಸಲು ಮುಂದಕ್ಕೆ ಜಾರಲೇಬೇಕು. ಹುಡುಗಿ ಜಾರುತ್ತಿದ್ದುದು ಅದಕ್ಕೇ. ನಾವು ಅವಳ ಸೊಂಟವನ್ನು ದೂರಿದ್ದೆವು. ಎರಡೂ ಕಾಲನ್ನು ಬೇರೆ ಬೇರೆ ಅಳೆದರು, ಏಕೆಂದರೆ ಉದ್ದ ಒಂದೇ ಇರಬೇಕೆಂದಿಲ್ಲ. ಮೊಣಕಾಲಿಂದ ಹಿಮ್ಮಡಿಯವರೆಗಿನ ಉದ್ದಕ್ಕೆ ಕಾಲಿನ ಹಲಗೆ ಹೊಂದಬೇಕು. ಪಾದಕ್ಕೆ ನೆಲೆ ಸಿಕ್ಕರೆ ಸೊಂಟಕ್ಕೂ ಅರ್ಧ ನೆಲೆ ಸಿಕ್ಕಂತೆ. ಗಾಲಿಯ ತುದಿಯ ಮೇಲೆ ಕೈಯಿಟ್ಟಾಗ ಮೊಣಕೈ ಸುಮಾರು ಕಾಟಕೋನಕ್ಕೆ ಬಾಗಬೇಕು. ತಾನೇ ಓಡಿಸುವ ಮಗುವಿಗೆ ಬೆನ್ನಿನ ಆಸರೆ ತೀರಾ ಎತ್ತರವಾದರೆ ಹೆಗಲು ಆಡುವುದಿಲ್ಲ, ತೀರಾ ಗಿಡ್ಡವಾದರೆ ಬೆನ್ನು ಸೋಲುತ್ತದೆ.

"ಬೆಳೀತಾಳಲ್ರೀ ಮೇಡಂ, ವರ್ಷಾ ವರ್ಷಾ ಹೊಸಾದು ಎಲ್ಲಿಂದ ತರೋಣು?" ಅಂದಳು ಅಕ್ಕ.

ಅದಕ್ಕೂ ದಾರಿ ಇತ್ತು. ಒಳಗೆ ಗಟ್ಟಿ ಹಲಗೆಯ ಆಸನ, ಪಕ್ಕಕ್ಕೆ ತೆಗೆದುಹಾಕಬಹುದಾದ ಮೆತ್ತೆ, ಬೆನ್ನಿನ ಹಿಂದೆ ಫೋಮಿನ ಪದರ. ಹುಡುಗಿ ಬೆಳೆದಂತೆ ಒಂದೊಂದನ್ನೇ ತೆಗೆಯುತ್ತಾ, ಹಲಗೆಯನ್ನು ಇಳಿಸುತ್ತಾ ಹೋಗಬಹುದು. ಯೂನಿಫಾರ್ಮಿನ ಮಡಿಸಿದ ಅಂಚಿನ ಹಾಗೆಯೇ. ಇಂದಿನ ಮೈಗೆ ಇಂದೇ ಹೊಂದಿ, ನಾಳೆಗೆ ಜಾಗ ಇಟ್ಟುಕೊಂಡಿರುವ ಕುರ್ಚಿ. ಒಂದೇ ಷರತ್ತು: ಕನಿಷ್ಠ ಆರು ತಿಂಗಳಿಗೊಮ್ಮೆ ಬಂದು ಮತ್ತೆ ಅಳೆಸಬೇಕು. ಸ್ಪರ್ಶಜ್ಞಾನ ಕಡಿಮೆ ಇರುವ ಮಕ್ಕಳಿಗೆ ಒತ್ತಡ ಹಂಚುವ ಮೆತ್ತೆ ಬೇರೆಯೇ ಬೇಕು, ಅದನ್ನು ಮನೆಯ ದಿಂಬಿನಿಂದ ತೀರಿಸಲಾಗದು ಎಂದೂ ಅವರು ಹೇಳಿಕಳಿಸಿದರು.

ಹೊಸ ಕುರ್ಚಿ ಸಿದ್ಧವಾಗಲು ಎರಡು ತಿಂಗಳು ಹಿಡಿಯಿತು. ಹಣವನ್ನು ಮನೆಯವರೆಲ್ಲ ಸೇರಿ ಹೊಂದಿಸಿದೆವು. ಎಲ್ಲರ ಮನೆಯಲ್ಲಿ ಇದು ಆಗುವ ಮಾತಲ್ಲ ಎಂಬುದು ನನಗೆ ಗೊತ್ತು. ಅದಕ್ಕೇ ಶಿಬಿರಗಳಲ್ಲಿ ಕುರ್ಚಿಯ ಜೊತೆಗೆ ಅಳೆಯುವವರೂ ಇರಲಿ ಎಂದು ಕೇಳಬೇಕಾದದ್ದು ನಮ್ಮ ಕೆಲಸ. ನಿಮ್ಮ ಸೊಸೈಟಿಯೋ ಕನ್ನಡ ಸಂಘವೋ ಗಾಲಿಕುರ್ಚಿ ದಾನ ಮಾಡಲು ಹೊರಟರೆ, ಹತ್ತು ಕುರ್ಚಿಯ ಬದಲು ಆರು ಕೊಟ್ಟು, ಉಳಿದ ಹಣದಲ್ಲಿ ಅಳತೆಗೂ ಮರುವರ್ಷದ ರಿಪೇರಿಗೂ ಒಬ್ಬರನ್ನು ಗೊತ್ತುಮಾಡಿ.

ಹುಡುಗಿಗೆ ಈಗ ಹನ್ನೊಂದು ದಾಟಿದೆ. ಮೊನ್ನೆ ಫೋನಿನಲ್ಲಿ ಅಕ್ಕ ದೂರು ಹೇಳುತ್ತಿದ್ದಳು. ಊಟಕ್ಕೆ ಕರೆದರೆ ಇವಳು ಮನೆಯಲ್ಲಿರುವುದಿಲ್ಲ, ಲಿಫ್ಟ್ ಹಿಡಿದು ಕೆಳಗೆ ಗೆಳತಿಯ ಮನೆಗೆ ಹೋಗಿರುತ್ತಾಳೆ, ಹೇಳದೆ ಕೇಳದೆ. ಹಿಂದಿನಿಂದ ಹುಡುಗಿಯ ದನಿ ಬಂತು: "ಮಾಮಾ, ಹಲಗಿ ಮತ್ತ ಒಂದು ತೂತು ಕೆಳಗ ಇಳಿಸೇದ!"